ಘಟ್ಟದ ಕೆಳಗಿನ ಭಾನುವಾರ

ನಮ್ಮ ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ಒಂದು ಚರಿತ್ರೆ ಬರೆದುಕೊಡಿ ಅಂತ ಕೇಳಿದರು. ನಾನು ಓದಿರೋದು ಏಳನೇ ಕ್ಲಾಸು. ಬೇಸಾಯ ಮಾಡ್ತೀನಿ. ಹಬ್ಬ, ಜಾತ್ರೆ ಬಂದರೆ ತಂಬೂರಿ ಹಿಡಿದು ಮಾದಪ್ಪನ ಕತೆ, ಮಂಟೇಸ್ವಾಮಿ ಕತೆ ಹಾಡ್ತೀನಿ. ರಾಜರ ಚರಿತ್ರೆ ಬರೆಯೋಕೆ ಓದಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅಂತ ಕೂತಿರೋದು ಭಾನುವಾರದ ಚರಿತ್ರೆ. ಭಾನುವಾರಕ್ಕೆ ಎಂಥ ಚರಿತ್ರೆ ಅಂತ ನೀವು ನಗಬಹುದು. ನಗಿ. ಆದರೆ ಘಟ್ಟ ಇಳಿದು ಕೊಯಮತ್ತೂರು, ತಿರುಪ್ಪೂರಿಗೆ ಕೆಲಸಕ್ಕೆ ಹೋದ ನಮ್ಮ ಮಕ್ಕಳಲ್ಲಿ ಯಾರು ಅಲ್ಲಿ ನಿಂತರು, ಯಾರು ಓಡಿ ಬಂದರು ಅನ್ನೋದು ಆ ಒಂದು ದಿನದ ಮೇಲೇ ನಿಂತಿದೆ ಅಂತ ನನಗೆ ಅನ್ನಿಸಿದೆ.

ಹೋದ ವರ್ಷ ಬೇಸಗೆಯಲ್ಲಿ ನನ್ನ ಮಗಳ ಮಗಳು ತಿರುಪ್ಪೂರಿಗೆ ಹೋದಳು. ಮಗಳನ್ನು ಚಾಮರಾಜನಗರದ ಕಡೆಗೆ ಕೊಟ್ಟಿದ್ದೀವಿ. ಕೂಸು ಅಲ್ಲಿ ಬಟ್ಟೆ ಹೊಲಿಗೆ, ವಿನ್ಯಾಸ ಅಂತ ಡಿಪ್ಲೊಮಾ ಓದ್ತಾ ಇದೆ. ಎರಡನೇ ವರ್ಷ ಮುಗಿದ ಮೇಲೆ ಆರು ವಾರ ಯಾವುದಾದರೂ ಕಂಪನಿಯಲ್ಲಿದ್ದು ಕೆಲಸ ಕಲಿತು ಬರಬೇಕಂತೆ. ಅದಕ್ಕೆ ಇಂಟರ್ನ್‌ಶಿಪ್ ಅಂತಾರೆ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಜಾಗ ಸಿಕ್ಕಿತು. ಹಾಸ್ಟೆಲ್ಲೂ ಅವರದೇ. ಮೊದಲ ವಾರ ದಿನಾ ಫೋನು ಮಾಡಿ ಆ ಮಿಷನ್ನು ಹಂಗೆ, ಈ ಮಿಷನ್ನು ಹಿಂಗೆ ಅಂತ ಹೇಳಿದ್ದೇ ಹೇಳಿದ್ದು. ಎರಡನೇ ಭಾನುವಾರ ಮಧ್ಯಾಹ್ನ ಫೋನು ಬಂತು. ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ ಅಂದಳು: "ತಾತ, ಕೆಲಸ ಏನೂ ಕಷ್ಟ ಇಲ್ಲ. ಭಾನುವಾರ ಬಂದ್ರ ಅಳು ಬತ್ತದ. ನಾ ಊರ್ಗ ಬಂದ್ಬುಡ್ತೀನಿ."

ಫೋನು ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಯಾಕೆ ಅಂದರೆ ಈ ಮಾತನ್ನು ನಾನು ಮೊದಲೇ ಒಂದು ಸಲ ಕೇಳಿದ್ದೆ, ಬೇರೊಬ್ಬರ ಬಾಯಲ್ಲಿ. ಅದನ್ನು ಹೇಳಬೇಕಾದರೆ ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಈಗಿನ ಮಕ್ಕಳಿಗೆ ನಮ್ಮ ತಾಳವಾಡಿ ಸೀಮೆ ಈರೋಡು ಜಿಲ್ಲೆ ಅಂತಷ್ಟೇ ಗೊತ್ತು. 1979ರಲ್ಲಿ ಪೆರಿಯಾರ್ ಜಿಲ್ಲೆ ಅಂತ ಮಾಡೋವರೆಗೂ ನಾವು ಕೊಯಮತ್ತೂರು ಜಿಲ್ಲೆಯವರು. ಆ ಪೆರಿಯಾರ್ ಜಿಲ್ಲೆಯೇ ಆಮೇಲೆ ಈರೋಡು ಆಯಿತು. ಅದಕ್ಕೂ ಹಿಂದೆ ಕೊಳ್ಳೇಗಾಲ ಸೀಮೆಯೂ ಕೊಯಮತ್ತೂರು ಜಿಲ್ಲೆಯೇ. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆ ನೋಡಿ ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಹಂಗಾಗಿ ನಮಗೆ ಇಸ್ಕೂಲು ಕನ್ನಡ, ಕಚೇರಿ ತಮಿಳು. ನೆಂಟಸ್ತಿಕೆ ಮೇಲಕ್ಕೆ, ಕೆಲಸ ಕೆಳಕ್ಕೆ. ಹಾಸನೂರು ದಾಟಿ ದಿಂಬದ 27 ತಿರುವು ಇಳಿದರೆ ಬಣ್ಣಾರಿ ಅಮ್ಮನ ಗುಡಿ, ಆಮೇಲೆ ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು, ಕೊಯಮತ್ತೂರು. ಮಳೆ ಹೋದ ವರ್ಷ ನಮ್ಮ ಹಿರಿಯರು ಈ ದಾರಿಯಲ್ಲೇ ಇಳಿದು ಹೋಗುತ್ತಿದ್ದರು.

ಅಲ್ಲಿ ಏನಿತ್ತು ಅಂದರೆ ಮಿಲ್ಲು. ಕೊಯಮತ್ತೂರಿನಲ್ಲಿ ಮೊದಲ ನೂಲಿನ ಮಿಲ್ಲನ್ನು 1888ರಲ್ಲಿ ರಾಬರ್ಟ್ ಸ್ಟೇನ್ಸ್ ಅನ್ನುವ ದೊರೆ ಶುರು ಮಾಡಿದ. ಸುತ್ತಲೂ ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಹೊಲ ಇತ್ತು. ಆದರೂ ಮಿಲ್ಲುಗಳು ಸಾಲುಗಟ್ಟಿದ್ದು ಕರೆಂಟು ಬಂದ ಮೇಲೆ. ನೀಲಗಿರಿಯ ಪೈಕಾರ ಹೊಳೆಯಿಂದ 1932ರಲ್ಲಿ ವಿದ್ಯುತ್ತು ತೆಗೆದರು. ಆ ತಂತಿ ಇಳಿದು ಬಂದ ಮೇಲೆ ಮಿಲ್ಲಿನ ಮೇಲೆ ಮಿಲ್ಲು ಎದ್ದಿತು, ರೈತರು ಬಾವಿಗೆ ಪಂಪು ಹಾಕಿದರು. ಹಳ್ಳಿಯ ಹುಡುಗರಿಗೆ ಶಿಫ್ಟು, ಸಂಬಳ, ಸೈರನ್ನು ಅನ್ನುವ ಮಾತೆಲ್ಲ ಗೊತ್ತಾದದ್ದು ಆಗ.

1975ರ ಯುಗಾದಿ ಕಳೆದ ಮೇಲೆ ನಾನೂ ಇಳಿದೆ. ನನಗೆ ಹದಿನೆಂಟು. ಜೊತೆಗೆ ನನ್ನ ಚಿಕ್ಕಪ್ಪನ ಮಗ, ನನಗಿಂತ ಆರು ತಿಂಗಳು ಚಿಕ್ಕವನು. ಬೇಸಗೆ ಅಂದರೆ ಮದುವೆ ಕಾಲ, ಜಾತ್ರೆ ಕಾಲ. ಕಾಯಂ ಆಳುಗಳು ರಜ ಹಾಕ್ತಾರೆ. ಆಗ ಮಿಲ್ಲಿಗೆ ಬದಲಿ ಆಳು ಬೇಕು. ಬದಲಿಯವನು ಅಂದರೆ ಗೇಟಿನ ಮುಂದೆ ನಿಂತಿರಬೇಕು, ಕರೆದರೆ ಒಳಕ್ಕೆ, ಇಲ್ಲದಿದ್ದರೆ ರೂಮಿಗೆ. ನನ್ನ ಮೊಮ್ಮಗಳ ಇಂಟರ್ನ್‌ಶಿಪ್ಪಿಗೂ ಇದಕ್ಕೂ ಹೆಸರು ಬೇರೆ, ಹೊಸ ಊರಿಗೆ ಬಿದ್ದ ಎಳೇ ಜೀವದ ಪಾಡು ಒಂದೇ. ನಮ್ಮ ಕೆಲಸ ನೂಲು ತುಂಬಿದ ಬಾಬಿನ್ನು ಕಿತ್ತು ಖಾಲಿ ಬಾಬಿನ್ನು ಹಾಕೋದು. ಹತ್ತಿಯ ಧೂಳು ರೆಪ್ಪೆ ಮೇಲೆಲ್ಲ ಕೂತು ಹದಿನೆಂಟಕ್ಕೇ ಮುದುಕರ ಹಂಗೆ ಕಾಣ್ತಿದ್ದೆವು. ಆರು ಜನ ಒಂದು ರೂಮಿನಲ್ಲಿ. ಉಳಿದ ನಾಲ್ಕು ಜನ ತಮಿಳರು, ಒಳ್ಳೆಯವರು.

ವಾರಕ್ಕೊಂದು ರಜ ಇತ್ತು. ಅದು ಆಕಾಶದಿಂದ ಉದುರಿದ್ದಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ, ಇದೇ ವಾಚನಾಲಯದ ಪುಸ್ತಕ ಓದಿ.

ನಮ್ಮ ರೈತರಲ್ಲಿ ಎತ್ತಿಗೆ ಸೋಮವಾರ ರಜ. ಸೋಮವಾರ ಏರು ಕಟ್ಟೋದಿಲ್ಲ, ಬಸವನ ವಾರ, ಮಾದಪ್ಪನ ವಾರ ಅಂತ ಎತ್ತಿನ ಮೈ ತೊಳೆದು ಮೇವು ಹಾಕ್ತೀವಿ. ಆದರೆ ಮಿಲ್ಲಿನ ಮನುಷ್ಯನಿಗೆ ಎತ್ತಿನಷ್ಟೂ ಭಾಗ್ಯ ಇರಲಿಲ್ಲ. ಬೊಂಬಾಯಿ ಮಿಲ್ಲುಗಳಲ್ಲಿ ಹೊತ್ತು ಹುಟ್ಟಿದಾಗ ಒಳಗೆ ಹೋದವರು ಹೊತ್ತು ಮುಳುಗಿದಾಗ ಬರುತ್ತಿದ್ದರು, ವಾರದ ರಜ ಅನ್ನೋದು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅಂತ ಒಬ್ಬರು, ಜ್ಯೋತಿಬಾ ಫುಲೆಯವರ ಶಿಷ್ಯರು, ತಾವೇ ಮಿಲ್ಲಿನಲ್ಲಿ ಕೆಲಸ ಮಾಡಿದವರು, 1884ರಲ್ಲಿ ಮಿಲ್ಲಿನ ಆಳುಗಳ ಸಂಘ ಕಟ್ಟಿದರು. ಭಾನುವಾರ ಖಂಡೋಬನ ವಾರ, ಆ ದಿನ ನಮಗೆ ಬಿಡುವು ಕೊಡಿ ಅಂತ ಅವರು ಕೇಳಿದರಂತೆ. ನಮ್ಮ ಮೈಲಾರಲಿಂಗನನ್ನೇ ಮರಾಠಿಯವರು ಖಂಡೋಬ ಅಂತಾರೆ. ಸಭೆ ಮಾಡಿ, ಅರ್ಜಿ ಬರೆದು, ವರ್ಷಗಟ್ಟಲೆ ಹೊಡೆದಾಡಿದ ಮೇಲೆ 1890ರ ಜೂನ್ 10ಕ್ಕೆ ಬೊಂಬಾಯಿಯ ಮಿಲ್ಲಿನ ಮಾಲೀಕರು ಭಾನುವಾರದ ರಜಕ್ಕೆ ಒಪ್ಪಿದರು. ಕಾನೂನಾಗಿ ದೇಶದ ಕಾರ್ಖಾನೆಗಳಿಗೆಲ್ಲ ವಾರದ ರಜ ಬಂದದ್ದು 1891ರಲ್ಲಿ. 1922ರ ಕಾನೂನಿನಲ್ಲೂ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆ ದುಡಿತ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯಿದೆಯಲ್ಲಿ ಅದು ದಿನಕ್ಕೆ 9, ವಾರಕ್ಕೆ 48 ಅಂತ ನಿಂತಿತು.

ಹಂಗಾಗಿ ನಾನು 1975ರಲ್ಲಿ ತಿಂದ ಭಾನುವಾರ ಯಾರೋ ಹಿರಿಯರು ಬಿತ್ತಿದ್ದು. ಆಗ ನನಗೆ ಅದು ಗೊತ್ತಿರಲಿಲ್ಲ. ಸಿನಿಮಾಕ್ಕೆ ಹೋಗಬಹುದು ಅನ್ನೋದೊಂದೇ ಗೊತ್ತಿತ್ತು.

ಸಿನಿಮಾ ಅಂದರೆ ಕೊಯಮತ್ತೂರು. ಸ್ವಾಮಿಕ್ಕಣ್ಣು ವಿನ್ಸೆಂಟ್ ಅಂತ ಆ ಊರಿನವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. 1905ರಲ್ಲಿ ಒಬ್ಬ ಫ್ರೆಂಚ್ ಮನುಷ್ಯನ ಹತ್ತಿರ ಸಿನಿಮಾ ತೋರಿಸುವ ಯಂತ್ರ ಕೊಂಡುಕೊಂಡು, ಕೆಲಸ ಬಿಟ್ಟು, ಊರೂರಿಗೆ ಟೆಂಟು ಹೊತ್ತುಕೊಂಡು ತಿರುಗಿದರು. ನಾವು ಹಾಡೋರು ಜಾತ್ರೆಯಿಂದ ಜಾತ್ರೆಗೆ ಹೋಗೋ ಹಂಗೆ. ಕೊನೆಗೆ 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಅಂತ ಕಟ್ಟಿಸಿದರು. ಆ ರಸ್ತೆಗೆ ಇವತ್ತಿಗೂ ವೆರೈಟಿ ಹಾಲ್ ರಸ್ತೆ ಅಂತಲೇ ಹೆಸರು. ಆಮೇಲೆ ಸಿನಿಮಾ ತೆಗೆಯುವ ಸ್ಟುಡಿಯೋಗಳೂ ಅಲ್ಲೇ ಆದವು. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋದವರು 1954ರಲ್ಲಿ ಎಂಜಿಆರ್ ಅವರನ್ನು ಹಾಕಿಕೊಂಡು 'ಮಲೈಕ್ಕಳ್ಳನ್' ತೆಗೆದರು. ಅದೇ ಕತೆ 1957ರಲ್ಲಿ ಕನ್ನಡದಲ್ಲಿ 'ಬೆಟ್ಟದ ಕಳ್ಳ' ಅಂತ ಬಂತು. ರೂಮಿನ ಹುಡುಗರು ಎಂಜಿಆರ್ ಎಂಜಿಆರ್ ಅಂತ ಕುಣಿಯುವಾಗ ನಾನೂ ಬಿಡುತ್ತಿರಲಿಲ್ಲ. "ನಿಮ್ಗ ಎಂಜಿಆರ್ ಇದ್ರ ನಮ್ಗ ರಾಜ್‌ಕುಮಾರ್ ಅವ್ರ. ಅವ್ರ ಗಾಜನೂರು ನಮ್ಮೂರ್ ಪಕ್ದಲ್ಲೇ ಅದ" ಅಂತಿದ್ದೆ. ಜಗಳ ಆಡ್ತಾ ಆಡ್ತಾ ನನಗೆ ತಮಿಳು ಬಂತು.

ಭಾನುವಾರ ಪೇರೂರು ಗುಡಿಗೆ ಹೋಗ್ತಿದ್ದೆವು, ನೊಯ್ಯಲ್ ಹೊಳೆ ದಡಕ್ಕೆ. ಕಲ್ಲಿನಲ್ಲಿ ಕಡೆದ ನಟರಾಜನ ಮುಂದೆ ನಿಂತರೆ ಹೊರಡೋಕೆ ಮನಸ್ಸು ಬರೋಲ್ಲ. ಕಾಸು ಇಲ್ಲದ ವಾರ ವ.ಉ.ಸಿ. ಪಾರ್ಕಿಗೆ. ವ.ಉ. ಚಿದಂಬರಂ ಪಿಳ್ಳೆಯವರು ಬ್ರಿಟಿಷರಿಗೆ ಎದುರಾಗಿ ಸ್ವದೇಶಿ ಹಡಗು ಓಡಿಸಿದವರು. 1908ರಿಂದ 1910ರವರೆಗೆ ಅವರನ್ನು ಕೊಯಮತ್ತೂರು ಜೈಲಿನಲ್ಲಿಟ್ಟು, ಎತ್ತು ಎಳೆಯುವ ಎಣ್ಣೆ ಗಾಣವನ್ನು ಅವರ ಕೈಯಲ್ಲಿ ಎಳೆಸಿದರು. ಅವರ ಹೆಸರಿನ ಪಾರ್ಕಿನಲ್ಲಿ ನಾವು ಕಡಲೆಕಾಯಿ ತಿಂದುಕೊಂಡು ಮಂಗ ನೋಡುತ್ತಿದ್ದೆವು. ಎತ್ತಿನ ಕೆಲಸ ಮಾಡಿದವರ ಹೆಸರಿನ ಜಾಗದಲ್ಲಿ ನಮಗೆ ಬಿಡುವು. ಇದೂ ಆಗ ಹೊಳೆದಿರಲಿಲ್ಲ.

ನನಗೆ ಆ ಊರು ಊರಾದದ್ದು ಒಂದು ಬೀದಿಯಿಂದ. ಒಂದು ಭಾನುವಾರ ನೇಕಾರರ ಬೀದಿಯಲ್ಲಿ ನಡೆದು ಹೋಗ್ತಿದ್ದೆ. ಬಾಗಿಲೊಳಗೆ ಒಂದು ಅಜ್ಜಿ ಮೊಮ್ಮಗನನ್ನು ಕನ್ನಡದಲ್ಲಿ ಬೈತಿತ್ತು. ನಾನು ನಿಂತೇಬಿಟ್ಟೆ. ಅವರು ದೇವಾಂಗದವರು. ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದವರಂತೆ. ಮನೆದೇವರು ಚೌಡೇಶ್ವರಿ. ವಿಜಯದಶಮಿ ದಿನ ಅವರ ಗಂಡಸರು ಕತ್ತಿಯಿಂದ ಮೈಗೆ ಹೊಡಕೊಳ್ತಾ ಅಮ್ಮನನ್ನು ಕರೀತಾರೆ. ಅವರ ಕನ್ನಡ ಮನೆಯೊಳಗಿನ ಮಾತು, ಓದು ಬರಹ ಎಲ್ಲ ತಮಿಳು. ಅರ್ಧ ಮಾತು ನನಗೆ ತಿಳೀತು, ಅರ್ಧ ತಿಳೀಲಿಲ್ಲ. ಅಜ್ಜಿ ನನ್ನ ಮಾತು ಕೇಳಿ, "ಒಳಕ್ ಬಾ ಮಗ" ಅಂದರು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದ ಯಜಮಾನರು ಲಾಳಿ ನಿಲ್ಲಿಸಿ ನನ್ನ ಕುಲ, ಊರು ಕೇಳಿದರು. ಅನ್ನ, ಹುರುಳಿ ಸಾರು ಹಾಕಿದರು. ಉಂಡ ಮೇಲೆ ನಾನು ಏನು ಕೊಡಲಿ? ನಮ್ಮಪ್ಪನಿಂದ ಕಲಿತ ಮಾದಪ್ಪನ ಕತೆಯಲ್ಲಿ ಒಂದು ಸಾಲು ಎತ್ತಿದೆ. ಕೊಯಮತ್ತೂರಿನ ಕಡೆಯವರೂ ಏಳುಮಲೆಗೆ ನಡೀತಾರೆ, ಅಜ್ಜಿಗೆ ಮಾದಪ್ಪ ಗೊತ್ತು. ಕಣ್ಣೊರೆಸಿಕೊಂಡರು. ಆವತ್ತಿನಿಂದ ಪ್ರತಿ ಭಾನುವಾರ ನನಗೆ ಆ ಮನೆಯಲ್ಲಿ ಊಟ, ಅವರಿಗೆ ಹಾಡು. ಮನೆಯವರಲ್ಲದವರ ಮುಂದೆ ನಾನು ಬಾಯಿ ಬಿಟ್ಟು ಹಾಡಿದ್ದು ಅದೇ ಮೊದಲು. ಇವತ್ತು ನನ್ನನ್ನು ಹಾಡುಗಾರ ಅಂತ ಯಾರಾದರೂ ಕರೆದರೆ ಅದು ಶುರುವಾದದ್ದು ಆ ಮಗ್ಗದ ಪಕ್ಕ.

ಈಗ ಹೇಳಲೇಬೇಕಾದ ಮಾತು. ಇಷ್ಟರಲ್ಲೆಲ್ಲ ನನ್ನ ಚಿಕ್ಕಪ್ಪನ ಮಗ ಎಲ್ಲಿದ್ದ?

ರೂಮಿನಲ್ಲಿದ್ದ. ಅವನಿಗೆ ಮಾತು ಕಡಿಮೆ, ತಮಿಳು ಬರ್ತಿರಲಿಲ್ಲ. ಸಿನಿಮಾಕ್ಕೆ ಎರಡು ಸಲ ಕರಕೊಂಡು ಹೋದೆ, ಗದ್ದಲಕ್ಕೆ ತಲೆನೋವು ಅಂದ. ನೇಕಾರರ ಮನೆಗೆ ಒಂದು ಸಲ ಬಂದ, ಅನ್ನಕ್ಕೆ ನಾಚಿಕೊಂಡ. ಆಮೇಲೆ ನಾನು ಕರೆಯಲಿಲ್ಲ. ನಿಜ ಹೇಳಬೇಕು ಅಂದರೆ, ಅವನು ಜೊತೆಗೆ ಬಂದರೆ ನನಗೆ ಭಾರ ಅನ್ನಿಸುತ್ತಿತ್ತು. ಹೊಸ ಗೆಳೆಯರ ಮುಂದೆ ನಾನು ಬೇರೆ ಮನುಷ್ಯ ಆಗಿದ್ದೆ. ಅವನು ಪಕ್ಕದಲ್ಲಿದ್ದರೆ ನಾನು ಹಳೇ ಹಳ್ಳಿಯವನೇ. ವಾರದ ಆರು ದಿನ ಅವನು ನನಗಿಂತ ಚೆನ್ನಾಗಿ ಕೆಲಸ ಮಾಡ್ತಿದ್ದ. ಅವನ ಕೈ ಚುರುಕು ನೋಡಿ ಮೇಸ್ತ್ರಿ ಇವನನ್ನು ಕಾಯಂ ಮಾಡಿಸಬಹುದು ಅಂದಿದ್ದರು. ಭಾನುವಾರ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಿದ್ದೆ ಮಾಡ್ತಾನೆ ಅಂದುಕೊಂಡಿದ್ದೆ.

ಮೇ ತಿಂಗಳ ಒಂದು ಭಾನುವಾರ ಎರಡನೇ ಆಟ ನೋಡಿ ರೂಮಿಗೆ ಬಂದೆ. ಅವನ ತಗಡಿನ ಪೆಟ್ಟಿಗೆ ಇರಲಿಲ್ಲ. ಕಾಗದ ಬರೆದು ಉತ್ತರ ಬರೋವರೆಗೆ ನಾನು ಪಟ್ಟ ಪಾಡು ಹೇಳಲಾರೆ. ಊರಿಗೆ ಹೋಗಿದ್ದ. ಕೈಲಿದ್ದ ಕಾಸು ಬಣ್ಣಾರಿಗೆ ಮುಗಿದಿತ್ತು. ಪೆಟ್ಟಿಗೆ ತಲೆ ಮೇಲಿಟ್ಟುಕೊಂಡು, ಆನೆ ತಿರುಗುವ ದಿಂಬದ ಘಟ್ಟವನ್ನು ನಡೆದು ಹತ್ತಿದ್ದ. ಯಾರು ಕೇಳಿದರೂ ಯಾಕೆ ಬಂದೆ ಅಂತ ಹೇಳಲಿಲ್ಲ. ಚಿಕ್ಕಪ್ಪ ಬೈದರು, ಸೋಮಾರಿ ಅಂದರು. ಮಳೆ ಬಿದ್ದ ಮೇಲೆ ನಾನೂ ಬೇಸಾಯಕ್ಕೆ ಅಂತ ಊರಿಗೆ ಬಂದೆ. ನಾನು ಸಿನಿಮಾ ಕತೆ ಹೇಳ್ತಾ, ಹಾಡು ಹೇಳ್ತಾ ಊರಲ್ಲಿ ದೊಡ್ಡವನಾದೆ. ಅವನು ಮತ್ತೆ ಘಟ್ಟ ಇಳಿಯಲೇ ಇಲ್ಲ.

ಎಷ್ಟೋ ವರ್ಷ ಆದ ಮೇಲೆ, ಇಬ್ಬರಿಗೂ ಕೂದಲು ನರೆತ ಮೇಲೆ, ಒಂದು ರಾತ್ರಿ ರಾಗಿ ಕಾವಲಿಗೆ ಮಚ್ಚಾನಿನ ಮೇಲೆ ಕೂತಿದ್ದಾಗ ಅವನೇ ಅಂದ: "ನಂಗ ಕೆಲ್ಸ ಏನೂ ಕಷ್ಟ ಆಗ್ನಿಲ್ಲ ಕಣ್ಲಾ. ಭಾನ್ವಾರ ಕಷ್ಟ ಆಯ್ತಿತ್ತು." ಅಷ್ಟೇ. ನಾನು ಏನೂ ಹೇಳಲಿಲ್ಲ. ತಪ್ಪಾಯ್ತು ಅಂತಲೂ ಹೇಳಲಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷ ಆಯಿತು.

ಹಂಗಾಗಿ ಮೊಮ್ಮಗಳ ಫೋನು ಬಂದ ಮೇಲೆ ನಾನು ಮಗಳಿಗೂ ಹೇಳದೆ, ಮುಂದಿನ ಶನಿವಾರ ಬಸ್ಸು ಹತ್ತಿದೆ. ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ ತಿರುಪ್ಪೂರಿಗೆ ಸಂಜೆ ಮುಟ್ಟಿದೆ. ನಮ್ಮ ಕಡೆಯ ಹುಡುಗನೊಬ್ಬನ ರೂಮಿನಲ್ಲಿ ಮಲಗಿದ್ದು ಬೆಳಿಗ್ಗೆ ಹಾಸ್ಟೆಲ್ಲಿಗೆ ಹೋದೆ. ಅಲ್ಲಿಯ ಮೇಡಮ್ಮು, ಹುಡುಗಿಯರನ್ನು ಹೊರಗೆ ಬಿಡೋದು ಭಾನುವಾರ ಎರಡು ಗಂಟೆ ಮಾತ್ರ, ಅದೂ ಗುಂಪಾಗಿ ಅಂದರು. ನಾನು ತಾತ ಅಂದರೂ ನಂಬಲಿಲ್ಲ. ಆಧಾರ್ ಕಾರ್ಡು ತೋರಿಸಿ, ಮಗಳ ಕೈಲಿ ಫೋನು ಮಾಡಿಸಿ, ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ ಸಂಜೆ ಏಳರವರೆಗೆ ಬಿಟ್ಟರು.

ಅವರನ್ನು ಪೂರಾ ಬೈಯೋಕೂ ಆಗೋಲ್ಲ, ಊರವರ ಮಕ್ಕಳ ಜವಾಬ್ದಾರಿ. ಆದರೆ ಈ ಬೀಗಕ್ಕೂ ಒಂದು ಚರಿತ್ರೆ ಇದೆ. ಈ ಸೀಮೆಯ ಎಷ್ಟೋ ನೂಲಿನ ಮಿಲ್ಲುಗಳಲ್ಲಿ ಸುಮಂಗಲಿ ಯೋಜನೆ ಅಂತ ನಡೆಸಿದರು. ಬಡವರ ಮನೆಯ ಹುಡುಗಿಯರನ್ನು ಮೂರು ವರ್ಷಕ್ಕೆ ಅಂತ ತರೋದು, ಮಿಲ್ಲಿನ ಹಾಸ್ಟೆಲ್ಲಿನಲ್ಲೇ ಇಡೋದು, ಕೊನೆಗೆ ಮದುವೆಗೆ ಅಂತ ಒಂದು ಗಂಟು ದುಡ್ಡು ಕೊಡೋದು. ನಡುವೆ ಬಿಟ್ಟು ಹೋದರೆ ಆ ಗಂಟಿಗೆ ಖೋತಾ. ಹೊರಗೆ ಹೋಗೋಕೆ, ಮನೆಯವರ ಜೊತೆ ಮಾತಾಡೋಕೆ ಕಟ್ಟುಪಾಡು. ಇದರ ಮೇಲೆ ದೂರು, ವರದಿ, ಕೋರ್ಟು ಎಲ್ಲ ಆದವು. ಲೋಖಂಡೆಯವರು ಹೋರಾಡಿ ತಂದ ಭಾನುವಾರ ಕಾಗದದಲ್ಲಿ ಇದ್ದೇ ಇತ್ತು. ಗೇಟಿಗೆ ಬೀಗ ಹಾಕಿದರೆ ಅದನ್ನು ಏನು ಮಾಡೋದು?

ಮೊಮ್ಮಗಳು ಒಬ್ಬಳೇ ಬರಲಿಲ್ಲ. ರೂಮಿನವರು ಮೂವರು ಬಾಗಿಲಲ್ಲಿ ನಿಂತು ನೋಡ್ತಿದ್ದರು. ಇಬ್ಬರು ಒಡಿಶಾದವರು, ಒಬ್ಬಳು ತೇನಿ ಕಡೆಯ ತಮಿಳು ಕೂಸು. ಹದಿನೈದು ದಿನದಿಂದ ಒಂದೇ ರೂಮಿನಲ್ಲಿದ್ದರೂ ಇವಳು ಅವರ ಜೊತೆ ಊಟ ಆಯಿತಾ ಅನ್ನೋದು ಬಿಟ್ಟು ಬೇರೆ ಮಾತಾಡಿರಲಿಲ್ಲ. "ಅವ್ರೂ ಬರ್ಲಿ ಬುಡು ಮಗ" ಅಂದೆ. "ತಾತ, ನಂಗ ಅವ್ರ ಭಾಷ ಬರಲ್ಲ" ಅಂದಳು. "ನಡ್ಯಕ್ಕ ಯಾವ ಭಾಷ ಬೇಕವ್ವ" ಅಂದೆ. ಅವರಿಗೂ ಪುಸ್ತಕದಲ್ಲಿ ಸಹಿ ಹಾಕಿದೆ.

ಮೊದಲು ರೈಲ್ವೆ ಸ್ಟೇಷನ್ನಿನ ಹತ್ತಿರ ಇರುವ ಕುಮರನ್ ಸ್ಮಾರಕಕ್ಕೆ ಕರಕೊಂಡು ಹೋದೆ. ತಿರುಪ್ಪೂರ್ ಕುಮರನ್ ಅಂತ ದೇಶಕ್ಕೆಲ್ಲ ಹೆಸರು, ಹುಟ್ಟಿದ್ದು ತಿರುಪ್ಪೂರಿನಲ್ಲಲ್ಲ. 1904ರಲ್ಲಿ ಚೆನ್ನಿಮಲೆಯ ನೇಕಾರರ ಮನೆಯಲ್ಲಿ ಹುಟ್ಟಿ, ಬಡತನಕ್ಕೆ ಓದು ಬಿಟ್ಟು, ಕೆಲಸ ಹುಡುಕಿಕೊಂಡು ತಿರುಪ್ಪೂರಿಗೆ ಬಂದವರು. ಇವರೂ ನಮ್ಮ ಹಂಗೆ ಹೊಸ ಊರಿಗೆ ಬಂದ ಹುಡುಗ. ಬಂದವರು ಗೋಡೆ ಕಡೆ ತಿರುಗಿ ಮಲಗಲಿಲ್ಲ. ದೇಶಬಂಧು ಯುವಕರ ಸಂಘ ಅಂತ ಗೆಳೆಯರನ್ನು ಸೇರಿಸಿದರು. 1932ರ ಜನವರಿ 10ರಂದು ಬಾವುಟ ಹಿಡಿದು ಮೆರವಣಿಗೆ ಹೊರಟಾಗ ಪೊಲೀಸರು ಲಾಠಿಯಲ್ಲಿ ಹೊಡೆದರು. ತಲೆ ಒಡೆದು ಬಿದ್ದರೂ ಕೈಲಿದ್ದ ಬಾವುಟ ಬಿಡಲಿಲ್ಲ. ಮರುದಿನ ತೀರಿಕೊಂಡರು, ವಯಸ್ಸು 27. ತಮಿಳರು ಅವರನ್ನು ಬಾವುಟ ಕಾದ ಕುಮರನ್ ಅಂತ ಕರೀತಾರೆ. ಪಂಚಾಂಗದ ಲೆಕ್ಕ ಹಾಕಿ ನೋಡಿದೆ. ಆ ಜನವರಿ 10 ಒಂದು ಭಾನುವಾರ.

ಆಮೇಲೆ ಖಾದರ್‌ಪೇಟೆ. 1920ರ ದಶಕದಲ್ಲಿ ಈ ಊರಿಗೆ ಬನಿಯನ್ ಹೆಣೆಯುವ ಯಂತ್ರ ಬಂತು. ಕೈಯಲ್ಲಿ ತಿರುಗಿಸುವ ಯಂತ್ರ. 1970ರ ದಶಕದ ಕೊನೆಯಿಂದ ಇಲ್ಲಿಯ ಬನಿಯನ್ನು ಹೊರದೇಶಕ್ಕೆ ಹಡಗು ಹತ್ತಿತು. 2009ರಲ್ಲಿ ತಿರುಪ್ಪೂರೇ ಒಂದು ಜಿಲ್ಲೆ ಆಯಿತು. ಇವತ್ತು ಅಲ್ಲಿ ಬಸ್ಸಿನೊಳಗೆ ಒಡಿಯ, ಹಿಂದಿ, ಬಂಗಾಳಿ ಎಲ್ಲ ಕೇಳುತ್ತದೆ. ಬಣ್ಣದ ನೀರು ಕುಡಿದು ಕುಡಿದು ನೊಯ್ಯಲ್ ಹೊಳೆ ಕೆಟ್ಟಿದ್ದೂ ನಿಜ, ರೈತನಾಗಿ ಅದನ್ನು ನೋಡಿ ಹೊಟ್ಟೆ ಉರೀತು. ಅಂಗಡಿ ಸಾಲಿನಲ್ಲಿ ಹುಡುಗಿಯರು ಒಂದೊಂದು ಬಟ್ಟೆಯನ್ನೂ ತಿರುಗಿಸಿ ಒಳಹೊಲಿಗೆ ನೋಡಿ, ಈ ಹೊಲಿಗೆ ಸರಿಯಿಲ್ಲ, ಇದು ನಮ್ಮ ಲೈನಿನದು ಅಂತ ಕೈಸನ್ನೆಯಲ್ಲೇ ಮಾತಾಡಿಕೊಂಡು ನಕ್ಕರು. ನಗು ಶುರುವಾದದ್ದು ಅಲ್ಲಿಂದ. ಮಧ್ಯಾಹ್ನ ಪರೋಟ ತಿಂದೆವು. ತೇನಿ ಕೂಸು ನನ್ನ ಮೊಮ್ಮಗಳಿಗೆ ತಮಿಳು ಲೆಕ್ಕ ಕಲಿಸಿತು, ಇವಳು ಕನ್ನಡ ಲೆಕ್ಕ ಹೇಳಿಕೊಟ್ಟಳು. ಒಂದು ಎರಡು ಮೂರು, ಒಣ್ಣು ಇರಂಡು ಮೂಣು. ಮೂರಕ್ಕೆ ಬಂದಾಗ ಎರಡೂ ಒಂದೇ ಬಳ್ಳಿ ಕಾಯಿ ಅಂತ ಇಬ್ಬರಿಗೂ ಗೊತ್ತಾಯಿತು.

ಬಸ್ಸು ಹತ್ತಿ ಅವಿನಾಶಿಗೆ ಹೋದೆವು. ದೊಡ್ಡ ಶಿವನ ಗುಡಿ, ಅದರ ತೇರು ತುಂಬ ದೊಡ್ಡದು. ಆ ಗುಡಿಗೆ ಒಂದು ಕತೆ ಇದೆ. ಎರಡು ಹುಡುಗರು ಕೆರೆಗೆ ಈಜೋಕೆ ಹೋದರು. ಒಬ್ಬನನ್ನು ಮೊಸಳೆ ನುಂಗಿತು, ಇನ್ನೊಬ್ಬ ಮನೆಗೆ ಬಂದ. ಕೆಲವು ವರ್ಷ ಆದ ಮೇಲೆ ಸುಂದರರ್ ಅನ್ನುವ ಶಿವನ ಭಕ್ತರು ಆ ಬೀದಿಯಲ್ಲಿ ಬಂದರು. ಒಂದು ಮನೆಯಲ್ಲಿ ಉಳಿದ ಹುಡುಗನ ಉಪನಯನದ ವಾಲಗ, ಎದುರು ಮನೆಯಲ್ಲಿ ಅಳು. ಯಾಕೆ ಅಂತ ಕೇಳಿ ತಿಳಿದು, ಕೆರೆ ದಡಕ್ಕೆ ಹೋಗಿ ಶಿವನ ಮೇಲೆ ಹಾಡಿದರು. ಮೊಸಳೆ ಹುಡುಗನನ್ನು ತಂದು ದಡಕ್ಕೆ ಬಿಟ್ಟಿತು, ಅಷ್ಟು ವರ್ಷದ ಬೆಳವಣಿಗೆ ಸಮೇತ. ತೇನಿ ಕೂಸು ತಮಿಳಿನಲ್ಲಿ ಇದನ್ನು ಹೇಳಿತು, ನಾನು ಮೊಮ್ಮಗಳಿಗೆ ಕನ್ನಡ ಮಾಡಿ ಹೇಳ್ತಾ ಹೇಳ್ತಾ ಗಂಟಲು ಕಟ್ಟಿತು. ಇಬ್ಬರು ಹೋಗಿ ಒಬ್ಬ ಬಂದ ಕತೆ. ವಾಲಗದ ಮನೆ ನನ್ನದು. ನಾನೂ ಹಾಡುಗಾರನೇ, ಊರೂರು ಹಾಡಿದ್ದೀನಿ. ಎದುರು ಮನೆಯ ಬಾಗಿಲಿಗೆ ಹೋಗಿ ಯಾಕೆ ಅಳ್ತೀರಿ ಅಂತ ಕೇಳಿರಲಿಲ್ಲ.

ಹೊತ್ತು ಇಳಿದ ಮೇಲೆ ಗುಡಿಯ ಅಂಗಳದಲ್ಲಿ ಕೂತೆವು. ಮೊಮ್ಮಗಳು, "ತಾತ ಹಾಡು ಹೇಳ್ತದ" ಅಂತ ಅವರಿಗೆ ಸನ್ನೆ ಮಾಡಿದಳು. ತಂಬೂರಿ ಇರಲಿಲ್ಲ, ತೊಡೆ ತಟ್ಟಿಕೊಂಡು ಹಾಡಿದೆ. ಮುಗಿದ ಮೇಲೆ ಒಡಿಶಾದ ಕೂಸು ಒಂದು ಕೇಳದೆಯೇ ತನ್ನ ಊರಿನ ಹಾಡು ಎತ್ತಿತು. ಭತ್ತ ನಾಟಿ ಮಾಡೋ ಹಾಡು ಅಂತ ಕೈಯಲ್ಲಿ ಪೈರು ಊರಿ ತೋರಿಸಿತು. ಒಂದು ಮಾತೂ ತಿಳೀಲಿಲ್ಲ, ದಾಟಿ ಮಾತ್ರ ನಮ್ಮ ಕಡೆ ನಾಟಿ ಹಾಡಿನ ತಂಗಿ ಇದ್ದಂಗೆ ಇತ್ತು. ಏಳಕ್ಕೆ ಐದು ನಿಮಿಷ ಇರುವಾಗ ಹಾಸ್ಟೆಲ್ಲಿನ ಗೇಟು ಮುಟ್ಟಿದೆವು. ಮೊಮ್ಮಗಳು ಊರಿಗೆ ಬರ್ತೀನಿ ಅನ್ನಲಿಲ್ಲ. "ಬರೋ ಭಾನುವಾರ ಇವ್ರು ತಿರುಮೂರ್ತಿ ಬೆಟ್ಟಕ್ಕ ಹೋಗನ ಅಂತಾರ, ಮೇಡಮ್‌ಗ ನೀ ಫೋನ್ ಮಾಡು ತಾತ" ಅಂದಳು. ಫೋನು ಮಾಡಿದೆ. ಉಡುಮಲೆ ಪೇಟೆ ಕಡೆಯ ಆ ಬೆಟ್ಟದ ಜಲಪಾತದಲ್ಲಿ ನಾಲ್ಕೂ ಜನ ನೆನೆದುಕೊಂಡು ನಿಂತಿರುವ ಫೋಟೋ ನನ್ನ ಮಗಳ ಫೋನಿನಲ್ಲಿದೆ. ಆರು ವಾರ ಮುಗಿಸಿ ಕೂಸು ಸರ್ಟಿಫಿಕೇಟು ತಂದಿತು, ನನಗೆ ಎರಡು ಬನಿಯನ್ನೂ ತಂದಿತು. ಒಳಹೊಲಿಗೆ ಚೆನ್ನಾಗಿದೆ.

ನನ್ನ ಚರಿತ್ರೆ ಇಷ್ಟೇ. ಓದುಗ ಬಂಧುಗಳಲ್ಲಿ ಒಂದು ಮಾತು. ಮಕ್ಕಳು ಘಟ್ಟ ಇಳಿದು ಹೋದರೆ ನಾವು ಫೋನಿನಲ್ಲಿ ಸಂಬಳ ಎಷ್ಟು, ಊಟ ಹೆಂಗೆ ಅಂತ ಕೇಳ್ತೀವಿ. ಅದನ್ನು ಕೇಳಿ. ಅದರ ಜೊತೆಗೆ, ಭಾನುವಾರ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ ಅಂತಲೂ ಕೇಳಿ. ಎಲ್ಲಿಗೂ ಇಲ್ಲ, ಮಲಗಿದ್ದೆ ಅಂದರೆ ಸೋಮಾರಿ ಅಂತ ಬೈಯಬೇಡಿ, ಬಸ್ಸು ಹತ್ತಿ. ಹೋಗಿ ಗೆಳೆಯರನ್ನು ಮಾಡಿಕೊಂಡ ಮಕ್ಕಳಿಗೆ ಹೇಳಿ, ಗೋಡೆ ಕಡೆ ಮುಖ ಮಾಡಿ ಮಲಗಿದವನನ್ನೂ ಎಬ್ಬಿಸಿಕೊಂಡು ಹೋಗಿ ಅಂತ. ಒಂದು ಸಲ ಬರೋಲ್ಲ ಅಂದರೆ ಇನ್ನೊಂದು ಸಲ ಕರೀರಿ, ನನ್ನ ಹಂಗೆ ಬಿಡಬೇಡಿ.

ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ನೋಟು ಪುಸ್ತಕ ಇಟ್ಟಿದ್ದೀನಿ. ಕೊಯಮತ್ತೂರು, ತಿರುಪ್ಪೂರಿನಲ್ಲಿ ಇರುವ ನಮ್ಮ ಸೀಮೆಯವರು ತಮ್ಮ ಹೆಸರು, ಇರುವ ಬೀದಿ, ಭಾನುವಾರ ಮನೆಯಲ್ಲಿ ಇರ್ತೀವೋ ಇಲ್ಲವೋ ಅನ್ನೋದನ್ನು ಅದರಲ್ಲಿ ಬರೆಸಲಿ. ಹೊಸದಾಗಿ ಹೋಗುವ ಕೂಸು ಅದನ್ನು ನೋಡಿಕೊಂಡು ಹೋಗಲಿ. ಇಲ್ಲಿವರೆಗೆ ಹನ್ನೊಂದು ಹೆಸರು ಬಂದಿವೆ. ನಿಮಗೆ ಗೊತ್ತಿರುವವರದ್ದೂ ಬರೆಸಿ.